ಟೈಲ್ಸ್ ರೇಟು ಕೇಳಿದೆ, ಕೆಳಗಿನ ಮಣ್ಣು ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಸಿಂಧನೂರಿನ ಸುತ್ತ ಭತ್ತದ ಗದ್ದೆಗಳು ಒಂದೊಂದಾಗಿ ಲೇಔಟ್ ಆಗುತ್ತಿವೆ. ಮನೆ ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಖಾಲಿ. ಆಗ ಉಳಿಯುವುದು ಗೇಟಿನಿಂದ ಪೋರ್ಟಿಕೋವರೆಗಿನ ಅಂಗಳ. ಕಾರು ಒಳಗೆ ಬರಬೇಕಲ್ವಾ, ಇಂಟರ್‌ಲಾಕ್ ಟೈಲ್ಸ್ ಹಾಕಿಸಿಬಿಡೋಣ ಅಂತ ಅವಸರ ಮಾಡುತ್ತೇವೆ. ನಾನೂ ಮಾಡಿದೆ.

ನಮ್ಮದು 10 ಅಡಿ ಅಗಲ, 20 ಅಡಿ ಉದ್ದ. ಒಬ್ಬರು ಚದರ ಅಡಿಗೆ 62 ರೂಪಾಯಿ ಅಂದರು, ಇನ್ನೊಬ್ಬರು 95. ಟೈಲ್ಸ್ ಅದೇ, 60 ಮಿ.ಮೀ. ದಪ್ಪ, ಬಣ್ಣವೂ ಅದೇ. 33 ರೂಪಾಯಿ ಯಾಕೆ ಜಾಸ್ತಿ ಅಂತ ಕೇಳಲೇ ಇಲ್ಲ, ಸುಲಿಗೆ ಅಂತ ಮನಸ್ಸಲ್ಲೇ ಬೈದುಕೊಂಡು ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟೆ. ಎರಡೇ ದಿನ, 12,400 ರೂಪಾಯಿ, ಅಂಗಳ ಥಳಥಳ. ಅದು ಏಪ್ರಿಲ್. ಎರೆ ಮಣ್ಣು ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು, ಅದರ ಮೇಲೆಯೇ ಉಸುಕು ಹರಡಿ ಟೈಲ್ಸ್ ಕೂರಿಸಿದ್ದರು. ಶ್ರಾವಣದಲ್ಲಿ ಮಳೆ ಹಿಡಿಯಿತು ನೋಡಿ, ನಡುವೆ ಟೈಲ್ಸ್ ಉಬ್ಬಿ ಗೇಟು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ವೆಲ್ಡಿಂಗ್‌ನವರನ್ನು ಕರೆಸಿ ಗೇಟಿನ ಕೆಳಗೆ ಎರಡು ಇಂಚು ಕೊಯ್ಯಿಸಿದೆ.

ನಮ್ಮ ಎರೆ ಮಣ್ಣಿನ ಗುಣ ರೈತನ ಮಗನಾದ ನನಗೆ ಗೊತ್ತಿಲ್ಲದ್ದೇನಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ನೆನಪಿರುವುದು ಮನೆ ಮುಂದೆ ಮರೆತುಹೋಯಿತು, ಅಷ್ಟೆ. 95 ಅಂದವರ ಲೆಕ್ಕ ಆಮೇಲೆ ತಿಳಿಯಿತು. ಅವರು ಒಂದು ಅಡಿ ಎರೆ ಮಣ್ಣು ಅಗೆದು ಹೊರಗೆ ಸಾಗಿಸಿ, ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣು ತುಂಬಿ, ಅದನ್ನೂ ಒಂದೇ ಸಲ ಸುರಿಯದೆ ಪದರ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆಸುವುದನ್ನೂ ಸೇರಿಸಿದ್ದರು. 200 ಚದರ ಅಡಿಗೆ ಒಂದು ಅಡಿ ಆಳ ಅಂದರೆ 200 ಘನ ಅಡಿ; ನೂರು ಘನ ಅಡಿಗೆ ಒಂದು ಬ್ರಾಸ್, ಹಾಗಾಗಿ ಎರಡು ಬ್ರಾಸ್ ಗರಸು. ದಿಮ್ಮಸು ಬಿದ್ದ ಮೇಲೆ ಕುಗ್ಗುವುದರಿಂದ ಅದಕ್ಕಿಂತ ಜಾಸ್ತಿಯೇ ತರಿಸಬೇಕು. ಅಗೆದ ಮಣ್ಣಿಗೆ ಬೇರೆ ಟ್ರಿಪ್ಪು, ಬೇರೆ ಬಾಡಿಗೆ. ಗರಸು ದೂರದಿಂದ ಬಂದರಂತೂ ಡೀಸೆಲ್‌ಗೇ ಅರ್ಧ ದುಡ್ಡು. ಕೊಪ್ಪಳದಲ್ಲಿರುವ ನಮ್ಮ ಭಾವನ ಮನೆಯಲ್ಲಿ ಅರ್ಧ ಅಡಿ ತೆಗೆದರೆ ಗಟ್ಟಿ ಗರಸು ನೆಲ, ಅವರಿಗೆ ಈ ಖರ್ಚೇ ಬರಲಿಲ್ಲ. ಅವರ ರೇಟು ಹಿಡಿದುಕೊಂಡು ಇಲ್ಲಿ ಚೌಕಾಸಿ ಮಾಡಿದರೆ ಏನು ಉಪಯೋಗ?

ಕಾಂಕ್ರೀಟ್ ಹಾಕಿಸಬಹುದಿತ್ತಲ್ಲ ಅಂತ ಅಕ್ಕಪಕ್ಕದವರು ಅಂದರು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಅಗ್ಗ ಆಗುತ್ತದೆ ಅಂತ ಅವರ ವಾದ. ಇಷ್ಟು ಜಾಗಕ್ಕೆ 4 ಇಂಚು ಕಾಂಕ್ರೀಟ್ ಹಾಕಿದರೂ ಬೇಕಾಗುವುದು ಸುಮಾರು 15 ಚೀಲ. ಅದರಲ್ಲಿ ಉಳಿದದ್ದು ಮಣ್ಣು ಸಾಗಿಸುವ ಬಾಡಿಗೆಗೂ ಸಾಲುವುದಿಲ್ಲ. ಮೇಲಾಗಿ ಎರೆ ಮಣ್ಣು ಅಲುಗಾಡಿದರೆ ಕಾಂಕ್ರೀಟ್ ಸೀಳುತ್ತದೆ, ಒಡೆದು ಬಿಸಾಕುವುದೊಂದೇ ದಾರಿ. ಟೈಲ್ಸ್ ಆದರೆ ಎಬ್ಬಿಸಿ ಮತ್ತೆ ಕೂರಿಸಬಹುದು. ನಾನು ಉಳಿದುಕೊಂಡಿದ್ದು ಅದರಿಂದಲೇ. ಎಬ್ಬಿಸಿ, ಅಗೆದು, ಗರಸು ತುಂಬಿ ಮತ್ತೆ ಹಾಕಿಸಲು ಇನ್ನೂ 15 ಸಾವಿರ ಹೋಯಿತು. ಮೊದಲೇ 95ಕ್ಕೆ ಒಪ್ಪಿದ್ದರೆ ಒಟ್ಟು 19 ಸಾವಿರದಲ್ಲಿ ಮುಗಿಯುತ್ತಿತ್ತು. ಒಂದು ಅಡಿ ಗರಸು ಹಾಕಿದರೆ ಮಣ್ಣು ಪೂರ್ತಿ ಸುಮ್ಮನಾಗುತ್ತದೆ ಅಂತೇನೂ ಅಲ್ಲ, ಆದರೆ ಎರಡು ಮಳೆಗಾಲ ಕಳೆದವು, ಸದ್ಯಕ್ಕೆ ಉಬ್ಬಿಲ್ಲ.

ಟೈಲ್ಸಿನ ದಪ್ಪವೂ ರೇಟು ಬದಲಿಸುತ್ತದೆ. ನಡೆದಾಡುವ ಜಾಗಕ್ಕೆ 50 ಮಿ.ಮೀ., ಕಾರಿಗೆ 60 ಸಾಕು. ಆದರೆ ಸುಗ್ಗಿಯಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಅಂಗಳಕ್ಕೇ ಬರುವ ಮನೆಗಳಿವೆ, ಅವರು 80ರದ್ದು ಹಾಕಿಸುವುದು ಒಳ್ಳೆಯದು. ಅಂಚಿಗೆ ಕಟ್ಟೆ ಇಲ್ಲದಿದ್ದರೆ ಟೈಲ್ಸ್ ಪಕ್ಕಕ್ಕೆ ಸರಿಯುತ್ತವೆ, ಅದನ್ನೂ ಲೆಕ್ಕದಲ್ಲಿ ಕೇಳಿ. ಜಾಗ ಚಿಕ್ಕದಾದಷ್ಟೂ ಅಡಿಯ ರೇಟು ಏರುತ್ತದೆ, ದಿಮ್ಮಸು ಹೊಡೆಯುವ ಮಷಿನ್ ಬಾಡಿಗೆ 200 ಅಡಿಗೂ ಒಂದು ದಿನದ್ದು, 600 ಅಡಿಗೂ ಒಂದು ದಿನದ್ದು.

ನೀರಿನ ಇಳಿಜಾರಿನ ಬಗ್ಗೆ ಮಾತ್ರ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. 50 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ನಮ್ಮ 20 ಅಡಿಗೆ ಸುಮಾರು 5 ಇಂಚು ಇಳಿಜಾರು ಬೇಕು, ಅದೂ ರಸ್ತೆಯ ಕಡೆಗೆ. ಆದರೆ ಬೀದಿಯಲ್ಲಿ ಹಳೆಯ ರಸ್ತೆ ಕೆತ್ತದೆ ಅದರ ಮೇಲೆಯೇ ಹೊಸದು ಹಾಕುತ್ತಾ ಹೋದರೆ ರಸ್ತೆ ಮೇಲೆ, ಅಂಗಳ ಕೆಳಗೆ. ಆಗ ಮನೆಯವರು ಅಂಗಳವನ್ನೂ ಎತ್ತರಿಸಬೇಕು, ಮತ್ತೆ ಗರಸು, ಮತ್ತೆ ಟ್ರಿಪ್ಪು. ಈ ಖರ್ಚು ಯಾರ ಎಸ್ಟಿಮೇಟಿನಲ್ಲೂ ಇರುವುದಿಲ್ಲ. ರಸ್ತೆ ಹಾಕುವವರು ಮೊದಲು ಹಳೆಯದನ್ನು ಕೆತ್ತಲಿ. ಗುತ್ತಿಗೆದಾರರೂ ಬರೀ ಅಡಿಯ ರೇಟು ಹೇಳದೆ, ಎಷ್ಟು ಆಳ ಅಗೆಯುತ್ತೇವೆ, ಎಷ್ಟು ಬ್ರಾಸ್ ಗರಸು ಹಾಕುತ್ತೇವೆ ಅಂತ ಚೀಟಿಯಲ್ಲಿ ಬರೆದುಕೊಡಲಿ. ಕೇಳಿದರೆ ಕೊಡುತ್ತಾರೆ, ಕೇಳುವವರಿಲ್ಲ.

ಟೈಲ್ಸ್ ಈಗ ಮೊದಲಿನ ಮಟ್ಟಕ್ಕೆ ಇಳಿದಿವೆ, ಕೊಯ್ದ ಗೇಟು ಮಾತ್ರ ಹಾಗೇ ಇದೆ. ಕೆಳಗಿನ ಸಂದಿಯಿಂದ ಬೀದಿಯ ಬೆಕ್ಕಿನ ಮರಿಗಳು ದಿನಾ ಬಂದುಹೋಗುತ್ತವೆ.

– ನಿಮ್ಮ ಓದುಗ, ಸಿಂಧನೂರು