ಟೇಬಲ್ ಕೂಡಿದರೆ 104!

ಮಾನ್ಯರೇ,

ಸಂಶೋಧನಾ ಪ್ರಬಂಧ ಬರೆಯುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ. ಬರೆದದ್ದು ವಾಪಸ್ ಬಂದರೆ ಮುಂದೆ ಎಲ್ಲಿಗೆ ಕಳಿಸಬೇಕು ಅಂತ ಹೇಳುವವರು ಕಡಿಮೆ. ನಿಮ್ಮ ಓದುಗರಲ್ಲಿ ಪಿಎಚ್.ಡಿ. ಮಾಡುತ್ತಿರುವವರು ಇದ್ದರೆ ಈ ಪತ್ರ ಅವರಿಗೆ.

ನನ್ನ ಮೊದಲ ಪ್ರಬಂಧವನ್ನು ಒಂದು ಜರ್ನಲ್ ರಿಜೆಕ್ಟ್ ಮಾಡಿತು. ಸಿಟ್ಟು ಬಂತು. ಜರ್ನಲ್‌ಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿದ್ದ ಇನ್ನೊಂದಕ್ಕೆ ಅದೇ ರಾತ್ರಿ ಕಳಿಸಿಬಿಟ್ಟೆ. ಒಂದಕ್ಷರ ತಿದ್ದಲಿಲ್ಲ. ಎರಡು ತಿಂಗಳಾದ ಮೇಲೆ ಉತ್ತರ ಬಂತು. 'ಇದನ್ನು ಬೇರೆ ಜರ್ನಲ್‌ಗಾಗಿ ಮೊದಲೇ ಓದಿದ್ದೇನೆ. ಮೂರನೇ ಟೇಬಲ್ ತಪ್ಪಿದೆ ಅಂತ ಆಗಲೇ ತಿಳಿಸಿದ್ದೆ. ಇನ್ನೂ ಹಾಗೇ ಇದೆ' ಅಂತ ರಿವ್ಯೂವರ್, ಅಂದರೆ ಜರ್ನಲ್ ಪರವಾಗಿ ಪ್ರಬಂಧ ಓದಿ ತೂಗುವ ತಜ್ಞರು, ಬರೆದಿದ್ದರು. ತೆಗೆದು ನೋಡಿದೆ. ಶೇಕಡಾ ಲೆಕ್ಕ ಕೂಡಿದರೆ 104! ಕವರ್ ಲೆಟರ್‌ನಲ್ಲಿ ಹಳೇ ಜರ್ನಲ್ ಹೆಸರೂ ಹಾಗೇ ಕೂತಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ, ಪುಣ್ಯ.

ವಿಷಯ ಚಿಕ್ಕದಾದರೆ ಅದನ್ನು ಬಲ್ಲವರೂ ಕೈಬೆರಳೆಣಿಕೆಯಷ್ಟೇ. ಜರ್ನಲ್ ಬದಲಾದರೂ ಓದುವವರು ಅವರೇ ಅಲ್ವಾ?

ಮೂರನೇ ಸಲ ಮೆಟ್ಟಿಲು ಎಣಿಸಲು ಹೋಗಲಿಲ್ಲ. ಒಂದು ಜರ್ನಲ್‌ನ ಹಿಂದಿನ ಎರಡು ವರ್ಷದ ಲೇಖನಗಳನ್ನು ಒಂದು ವರ್ಷದಲ್ಲಿ ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದೇ ಇಂಪ್ಯಾಕ್ಟ್ ಫ್ಯಾಕ್ಟರ್. ನನ್ನ ಬರಹ ಯಾರಿಗೆ ಬೇಕು ಅನ್ನುವುದು ಅದಕ್ಕೇನು ಗೊತ್ತು? ನಾನು ಉಲ್ಲೇಖಿಸಿದ್ದ 41 ಲೇಖನಗಳು ಎಲ್ಲೆಲ್ಲಿ ಬಂದಿವೆ ಅಂತ ಪೆನ್ಸಿಲ್ ಹಿಡಿದು ಗುರುತು ಹಾಕುತ್ತ ಹೋದೆ. ಒಂದೇ ಜರ್ನಲ್ 9 ಸಲ ಸಿಕ್ಕಿತು. ಅಲ್ಲಿಗೆ ಕಳಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ! ಟೇಬಲ್ ಸರಿಮಾಡಿ, ಇಬ್ಬರು ರಿವ್ಯೂವರ್‌ಗಳ ಆಕ್ಷೇಪಗಳನ್ನು ಒಂದೊಂದಾಗಿ ನೋಡಿ, ಪೀಠಿಕೆಯನ್ನು ಪೂರ್ತಿ ಹೊಸದಾಗಿ ಬರೆದೆ. ಒಂದು ಸುತ್ತು ತಿದ್ದಿಸಿ ಒಪ್ಪಿಕೊಂಡರು.

1964ರಲ್ಲಿ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರ ಪ್ರಬಂಧವೂ ವಾಪಸ್ ಬಂದಿತ್ತು. ಅವರು ಅದನ್ನು ಸುಮ್ನೆ ಇನ್ನೊಂದು ಲಕೋಟೆಗೆ ತುರುಕಲಿಲ್ಲ. ಹೊಸ ಕಣದ ಮಾತು ಸೇರಿಸಿ 'ಫಿಸಿಕಲ್ ರಿವ್ಯೂ ಲೆಟರ್ಸ್'ಗೆ ಕಳಿಸಿದರು. ಆ ಕೆಲಸಕ್ಕೇ 2013ರಲ್ಲಿ ನೊಬೆಲ್ ಬಂತು. ನನಗೆ ನೊಬೆಲ್ ಬೇಡ, ಟೇಬಲ್ ಕೂಡಿದರೆ 100 ಬಂದರೆ ಸಾಕು.

ಇನ್ನೊಂದು ಮಾತು. ರಿಜೆಕ್ಟ್ ಆಗಿ ಮನಸ್ಸು ಕೆಟ್ಟಿರುವಾಗಲೇ 'ಐದು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಟ್ಟಿ' ಅನ್ನುವ ಮೇಲ್‌ಗಳೂ ಬರುತ್ತವೆ. ಐದು ದಿನದಲ್ಲಿ ಯಾರು ಓದಿರುತ್ತಾರೆ? ನನಗೆ ಬಂದ ಒಂದು ಮೇಲ್‌ನಲ್ಲಿ 'ಹೃದ್ರೋಗದ ಬಗ್ಗೆ ನಿಮ್ಮ ಕೆಲಸ ಅಮೋಘ' ಅಂತ ಹೊಗಳಿದ್ದರು. ನಾನು ಓದುತ್ತಿರುವುದು ಪಾಚಿಯ ಬಗ್ಗೆ.

– ಪಾಚಿಯ ಸಂಶೋಧಕಿ