ಒಂಟಿಯಾಗಿ ಮಲಗಿದ ಮರಿಯ ಹತ್ತಿರ ಹೋಗಬೇಡ

ಚಿ. ಸುಮಂತನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಾರ್ವಿಚ್‌ನಲ್ಲಿ ಚಳಿ ಜಾಸ್ತಿ ಆಗಿದೆ ಅಂತ ನಿನ್ನಮ್ಮ ಹೇಳಿದಳು. ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯ ಅಂದುಕೊಂಡಿದ್ದೇನೆ.

ಭಾನುವಾರ ನೀನು ಕಳಿಸಿದ ಫೋಟೋ ನೋಡಿದೆ. ಹಾರ್ಸಿ ಬೀಚಿನ ಮರಳ ಮೇಲೆ ಸೀಲ್ ಅನ್ನುವ ಕಡಲಪ್ರಾಣಿಯ ಒಂದು ಬಿಳಿ ಮರಿ. ಅದರಿಂದ ನಾಲ್ಕು ಮೊಳ ದೂರದಲ್ಲಿ ಕುಕ್ಕರಗಾಲಲ್ಲಿ ಕೂತ ನೀನು. ಕೆಳಗೆ, "ಪಾಪ, ಅಮ್ಮ ಬಿಟ್ಟು ಹೋಗಿದ್ದಾಳೆ ದೊಡ್ಡಮ್ಮ. ನೀರಿಗೆ ಸೇರಿಸೋಣ ಅಂತ ನೋಡಿದ್ವಿ. ರೋಹಿತನ ಬೆರಳು ಕಚ್ಚಿಬಿಡ್ತು" ಅಂತ ಬರೆದಿದ್ದೆ. ಫೋನಿನಲ್ಲಿ ಹೇಳಿದರೆ ನೀನು ಸರಿ ಸರಿ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲು ಆ ಫೋಟೋವನ್ನೇ ಇನ್ನೊಂದು ಸಲ ತೆಗೆದು ದೊಡ್ಡದು ಮಾಡಿ ನೋಡು. ಬಲಗಡೆ, ಅಲೆ ಒಡೆಯುವ ಜಾಗದ ಆಚೆ, ನೀರಿನ ಮೇಲೆ ಒಂದು ಕಪ್ಪು ತಲೆ ಕಾಣುತ್ತದೆ. ನನಗೆ ಅನ್ನಿಸುವುದು, ಅದೇ ಆ ಮರಿಯ ಅಮ್ಮ. ನೀವು ಎದ್ದು ಹೋಗಲಿ ಅಂತ ಕಾಯುತ್ತಾ ಇತ್ತು.

ನಿನ್ನ ಮನಸ್ಸು ಒಳ್ಳೆಯದು, ಅದು ನನಗೆ ಗೊತ್ತು. ಮಳೆಯಲ್ಲಿ ನೆನೆದ ಬೆಕ್ಕಿನ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದ ಹುಡುಗ ನೀನು. ಬೆಕ್ಕಿನ ಮರಿಗೆ ಅದು ಸರಿ. ಸೀಲ್ ಮರಿಯ ಲೆಕ್ಕ ಬೇರೆ. ಆ ಲೆಕ್ಕ ಏನು ಅಂತ ತಿಳಿದುಕೊಂಡರೆ ಇನ್ನೊಂದು ಸಲ ನಿನ್ನ ಕಾಲು ತಾನಾಗಿ ನಿಲ್ಲುತ್ತದೆ.

ನೀವು ನೋಡಿದ್ದು ಗ್ರೇ ಸೀಲ್. ನಿನ್ನಜ್ಜಿ ಫೋನಿನಲ್ಲಿ "ನೀರುನಾಯಿನಾ?" ಅಂತ ಕೇಳಿದರು. ಅಲ್ಲ. ನಮ್ಮ ಕಾವೇರಿಯಲ್ಲೂ ತುಂಗಭದ್ರೆಯಲ್ಲೂ ಇರುವ ನೀರುನಾಯಿಗೆ ನಾಲ್ಕು ಕಾಲಿವೆ, ನೆಲದ ಮೇಲೆ ಓಡುತ್ತದೆ. ಸೀಲ್‌ಗೆ ನೆಲದ ಮೇಲೆ ಹೊಟ್ಟೆಯೇ ಕಾಲು. ನೀರಿನಲ್ಲಿ ಎಷ್ಟು ಚುರುಕೋ ಮರಳಿನ ಮೇಲೆ ಅಷ್ಟೇ ನಿಧಾನ. ಆದರೂ ಹೆರಿಗೆಗೆ ಅದು ದಡಕ್ಕೆ ಬರಲೇಬೇಕು. ಇಂಗ್ಲೆಂಡಿನ ಈ ಪೂರ್ವ ಕರಾವಳಿಯಲ್ಲಿ ಅಕ್ಟೋಬರ್ ಕೊನೆಗೆ ಬರಲು ಶುರುವಾಗುತ್ತವೆ, ಡಿಸೆಂಬರ್‌ವರೆಗೂ ಮರಿಗಳು ಹುಟ್ಟುತ್ತಲೇ ಇರುತ್ತವೆ.

ನಾನು ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಆದರೂ ಲಿಂಕನ್‌ಶೈರ್ ಕಡಲತೀರದ ಡೊನಾ ನೂಕ್‌ನಲ್ಲಿ ಮೊದಲ ಸಲ ಸೀಲ್ ಹೆರಿಗೆ ನೋಡಿದಾಗ ಬಾಯಿ ಕಟ್ಟಿಹೋಯಿತು. ಎಲ್ಲಿ ಹೆರಿಗೆ ಆಗುತ್ತಿದೆ ಅಂತ ತಿಳಿಯಬೇಕಾದರೆ ಕಡಲಹಕ್ಕಿಗಳನ್ನು ನೋಡಬೇಕು. ಮಾಸು ತಿನ್ನಲು ಗುಂಪಾಗಿ ಇಳಿಯುತ್ತವೆ. ಮರಿ ಹೊರಗೆ ಬಂದ ತಕ್ಷಣ ತಾಯಿ ಗಿರಕ್ಕನೆ ತಿರುಗಿ ಅದರ ಮೂಗಿಗೆ ಮೂಗು ತಾಗಿಸುತ್ತದೆ. ಮೂಸುತ್ತದೆ, ಕೂಗುತ್ತದೆ, ಮರಿ ಕೂಗಿದರೆ ಮತ್ತೆ ಮೂಸುತ್ತದೆ. ಮರಳಿನ ಮೇಲೆ ನೂರಾರು ಮರಿಗಳಿರುತ್ತವೆ, ಎಲ್ಲವೂ ಬಿಳಿ, ಎಲ್ಲವೂ ಒಂದೇ ಥರ. ಅಷ್ಟರಲ್ಲಿ ತನ್ನದನ್ನು ಗುರುತಿಸಲು ತಾಯಿ ನೆಚ್ಚಿಕೊಂಡಿರುವುದು ಮುಖ್ಯವಾಗಿ ಆ ವಾಸನೆಯನ್ನು, ಜೊತೆಗೆ ಆ ಕೂಗನ್ನು. ಆ ಹೊತ್ತಿನಲ್ಲಿ ಯಾರಾದರೂ ಮಧ್ಯೆ ಹೋಗಿ ತಾಯಿ ಬೆದರಿ ನೀರಿಗೆ ಇಳಿದರೆ ಗುರುತು ಗಟ್ಟಿಯಾಗುವ ಮೊದಲೇ ನಂಟು ಕಡಿದುಹೋಗಬಹುದು.

ಹುಟ್ಟಿದಾಗ ಮರಿ ಸುಮಾರು 14 ಕೆ.ಜಿ. ಇರುತ್ತದೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ನೋಡಲು ಬಡಕಲು. ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ ಚರ್ಮ ಜೋಲುತ್ತದೆ. ಚಳಿ ತಡೆಯುವ ಕೊಬ್ಬು ಇನ್ನೂ ಇಲ್ಲ. ಇರುವುದು ಆ ಬಿಳಿ ತುಪ್ಪಳ ಮಾತ್ರ. ಆ ತುಪ್ಪಳ ಒಣಗಿದ್ದರೆ ಬೆಚ್ಚಗಿಡುತ್ತದೆ, ನೆನೆದರೆ ಕೆಲಸಕ್ಕೆ ಬರುವುದಿಲ್ಲ. ಈಗ ಯೋಚನೆ ಮಾಡು. ನೀವು ಅದನ್ನು "ನೀರಿಗೆ ಸೇರಿಸೋಣ" ಅಂದುಕೊಂಡಿರಿ. ಡಿಸೆಂಬರ್ ತಿಂಗಳ ಉತ್ತರ ಸಮುದ್ರ ಅದು. ಮರಿ ರೋಹಿತನ ಬೆರಳು ಕಚ್ಚಿ ತನ್ನನ್ನು ತಾನು ಉಳಿಸಿಕೊಂಡಿತು.

ಇನ್ನು ಹಾಲಿನ ವಿಷಯ. ಇದನ್ನು ಹೇಳಲು ನನಗೆ ಎಷ್ಟು ಸಲವೂ ಬೇಸರವಿಲ್ಲ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕು ಭಾಗ. ತಾಯಂದಿರ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ನಮ್ಮ ಎಮ್ಮೆ ಹಾಲು ಗಟ್ಟಿ ಅಂತ ಹೊಗಳುತ್ತೇವಲ್ಲ, ಅದರಲ್ಲಿ ಏಳೆಂಟು ಭಾಗ. ಗ್ರೇ ಸೀಲ್ ಹಾಲಿನಲ್ಲಿ ಅದು ಅರವತ್ತರವರೆಗೂ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು! ಇದನ್ನು ಕುಡಿದ ಮರಿ ದಿನಕ್ಕೆ ಸುಮಾರು 2 ಕೆ.ಜಿ. ತೂಕ ಹಾಕುತ್ತದೆ. ನಮ್ಮ ವಾರ್ಡಿನ ಕೂಸು ದಿನಕ್ಕೆ 30 ಗ್ರಾಂ ಏರಿದರೆ ನಾವು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆವು. ಎರಡೂವರೆ ವಾರದಲ್ಲಿ ಆ ಬಡಕಲು ಮರಿ 40 ಕೆ.ಜಿ. ದಾಟಿ, ಕತ್ತು ಎಲ್ಲಿ ಮೈ ಎಲ್ಲಿ ಅಂತ ತಿಳಿಯದ ಹಾಗೆ ಉರುಟಾಗುತ್ತದೆ.

ಅಷ್ಟು ಹಾಲು ಎಲ್ಲಿಂದ ಬಂತು ಹೇಳು. ನಮ್ಮಲ್ಲಿ ಬಾಣಂತಿಗೆ ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ ಅಂತ ನಾಲ್ಕು ಜನ ಸುತ್ತಲೂ ನಿಂತು ಮಾಡುತ್ತಾರೆ. ನೀನು ಹುಟ್ಟಿದಾಗ ನಿನ್ನಜ್ಜಿ ಮೂರು ತಿಂಗಳು ನಿನ್ನಮ್ಮನನ್ನು ಬಚ್ಚಲ ಮನೆಯಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ ಬಿಟ್ಟರೆ ಬೇರೆಲ್ಲೂ ಬಿಡಲಿಲ್ಲ. ಸೀಲ್ ತಾಯಿಗೆ ಬಾಣಂತನ ಮಾಡುವವರು ಯಾರೂ ಇಲ್ಲ. ಅದು ತಿಂಗಳುಗಟ್ಟಲೆ ಸಮುದ್ರದಲ್ಲಿ ಮೀನು ತಿಂದು, ಬಾಣಂತನದ ಉಗ್ರಾಣವನ್ನೆಲ್ಲ ಮೈಯೊಳಗೇ ಕಟ್ಟಿಕೊಂಡು ದಡಕ್ಕೆ ಬರುತ್ತದೆ. ಹಾಲೂಡುವಷ್ಟು ದಿನ ಹೆಚ್ಚು ಕಡಿಮೆ ಉಪವಾಸ. ತನ್ನ ಮೈ ಕರಗಿಸಿಯೇ ಹಾಲು. ಹದಿನೆಂಟು ದಿನದಲ್ಲಿ ಸುಮಾರು 65 ಕೆ.ಜಿ. ಇಳಿದುಹೋಗುತ್ತದೆ. ಅಂದರೆ ನಿನ್ನಷ್ಟು ತೂಕ, ಸುಮಂತ. ಕೊನೆಯ ದಿನಗಳಲ್ಲಿ ಅದರ ಸೊಂಟದ ಮೂಳೆ ಎದ್ದು ಕಾಣುತ್ತದೆ, ಪಕ್ಕದಲ್ಲಿ ಮರಿ ಗುಂಡಗೆ ಮಲಗಿರುತ್ತದೆ. ನೋಡುವಾಗ ಒಂದರ ಮೈಯನ್ನು ಇನ್ನೊಂದಕ್ಕೆ ಸುರಿದ ಹಾಗೆ ಇರುತ್ತದೆ.

ಇದಕ್ಕೇ ನಾನು ದೂರ ಇರು ಅನ್ನುವುದು. ಆ ತಾಯಿಯ ಹತ್ತಿರ ಇರುವುದು ಹದಿನೆಂಟು ದಿನ ಮತ್ತು ಒಂದು ಮೈ ಕೊಬ್ಬು, ಅಷ್ಟೇ. ನಾಯಿ ಹಿಡಿದುಕೊಂಡು ಬಂದವರನ್ನು ಕಂಡು, ಫೋಟೋ ತೆಗೆಯುವವರನ್ನು ಕಂಡು ತಲೆ ಎತ್ತಿ ಹಲ್ಲು ತೋರಿಸಿ ಹಿಂದೆ ಮುಂದೆ ಎಳೆದಾಡಿದರೆ ಆ ಉಗ್ರಾಣದಿಂದಲೇ ಖರ್ಚು. ಮರಿ ಹಾಲು ಕುಡಿಯುವುದನ್ನು ಬಿಟ್ಟು ಹೆದರಿ ಸರಿದರೆ ಒಂದು ಹೊತ್ತಿನ ಊಟ ತಪ್ಪಿತು. ಇನ್ನೂ ಒಂದಿದೆ. ಮರಿಯನ್ನು ಹತ್ತು ಮಾರು ಆಚೆ ಸರಿಸಿದರೂ ಅದು ಬೇರೆ ತಾಯಿಯ ಜಾಗಕ್ಕೆ ಹೋಗಿರುತ್ತದೆ. ಕೆಲವು ತಾಯಂದಿರು ಬೇರೆ ಮರಿಗೂ ಹಾಲು ಕೊಡುವುದುಂಟು. ಆದರೆ ಬಹಳಷ್ಟು ತಾಯಂದಿರು ಕಚ್ಚಿ ಓಡಿಸುತ್ತವೆ. ಮರಿಗೆ ಗಾಯವಾಗುತ್ತದೆ, ಸಾಯುವುದೂ ಉಂಟು.

ನಾನೂ ಒಂದು ತಪ್ಪು ಮಾಡಿದ್ದೇನೆ. ನಿನಗೆ ಹೇಳಲೇಬೇಕು. ಇಲ್ಲಿಗೆ ಬಂದ ಎರಡನೇ ಚಳಿಗಾಲ, ಬೇಲಿ ಇಲ್ಲದ ಒಂದು ಬೀಚಿನಲ್ಲಿ ನಿನ್ನ ದೊಡ್ಡಪ್ಪನ ಕ್ಯಾಮೆರಾ ಹಿಡಿದುಕೊಂಡು ಮರಿಯ ಹತ್ತಿರ ಹತ್ತಿರ ಹೋದೆ. ತಾಯಿ ಪಕ್ಕದಲ್ಲೇ ಇತ್ತು. ನನ್ನ ಕಡೆ ಒಂದು ಸಲ ಬುಸುಗುಟ್ಟಿತು. ನಾನು ನಿಲ್ಲಲಿಲ್ಲ, ಇನ್ನೆರಡು ಹೆಜ್ಜೆ ಇಟ್ಟೆ. ಅದು ತಿರುಗಿ ನೀರಿಗೆ ಇಳಿದುಬಿಟ್ಟಿತು. ಮರಿ ಅಳುವುದು ಕೂಸು ಅತ್ತ ಹಾಗೇ ಕೇಳಿಸುತ್ತದೆ. ನನಗೆ ಕೈಕಾಲು ಆಡಲಿಲ್ಲ. ತಾಯಿ ಬರುವವರೆಗೂ ಕಾಯೋಣ ಅಂತ ಅಲ್ಲೇ ಮುಕ್ಕಾಲು ಗಂಟೆ ನಿಂತೆ. ಅದು ಬರಲಿಲ್ಲ. ಕೊನೆಗೆ ವಾಕಿಂಗ್ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಮೆಲ್ಲಗೆ ಹೇಳಿದರು, "ನೀವು ಇಲ್ಲಿರುವವರೆಗೆ ಅದು ಬರುವುದಿಲ್ಲ." ಮರಳ ದಿಬ್ಬದ ಹಿಂದೆ ಹೋಗಿ ಕೂತೆ. ಕತ್ತಲಾಗುವ ಸ್ವಲ್ಪ ಮೊದಲು ಅದು ಮೇಲೆ ಬಂತು, ಮರಿಯನ್ನು ಮೂಸಿತು, ಪಕ್ಕಕ್ಕೆ ಹೊರಳಿ ಹಾಲು ಕೊಟ್ಟಿತು. ಬಾರದೇ ಇದ್ದಿದ್ದರೆ? ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈಗ ನಿನಗೊಂದು ಅನುಮಾನ ಬರಬಹುದು. ಫೋಟೋದಲ್ಲಿ ಇರುವ ತಲೆ ಅಮ್ಮನದಲ್ಲದೇ ಇದ್ದರೆ, ನಿಜವಾಗಿಯೂ ಬಿಟ್ಟು ಹೋಗಿದ್ದರೆ? ಹಾಗೂ ಇರಬಹುದು. ಗ್ರೇ ಸೀಲ್ ತಾಯಿ ಒಂದು ದಿನ ಬಿಟ್ಟು ಹೋಗಿಯೇ ಹೋಗುತ್ತದೆ. ಹದಿನೆಂಟನೇ ದಿನಕ್ಕೋ ಇಪ್ಪತ್ತನೇ ದಿನಕ್ಕೋ ಹಾಲು ನಿಲ್ಲಿಸುತ್ತದೆ. ಆ ಹೊತ್ತಿಗೆ ಗಂಡಿನ ಜೊತೆ ಕೂಡಿರುತ್ತದೆ. ಆಮೇಲೆ ಸಮುದ್ರಕ್ಕೆ ಇಳಿದರೆ ಈ ಮರಿಯ ಹತ್ತಿರ ಮತ್ತೆ ಬರುವುದಿಲ್ಲ. ಹೊಸ ಬಸಿರು ಮೂರು ತಿಂಗಳಿಗೂ ಹೆಚ್ಚು ಕಾಲ ಬೆಳೆಯದೆ ಸುಮ್ನೆ ಇರುತ್ತದೆ. ತಾಯಿ ಮೈ ತುಂಬಿಕೊಂಡ ಮೇಲೆ ಗರ್ಭಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಅದರಿಂದಲೇ ಮುಂದಿನ ವರ್ಷವೂ ಇದೇ ತಿಂಗಳಿಗೆ ಹೆರಿಗೆ ಬರುತ್ತದೆ.

ಹಿಂದೆ ಉಳಿದ ಮರಿ ಬಿಳಿ ತುಪ್ಪಳ ಉದುರಿಸಿ ಬೂದು ಕೂದಲು ತರಿಸಿಕೊಳ್ಳುತ್ತದೆ. ಎರಡು ಮೂರು ವಾರ, ಕೆಲವು ಇನ್ನೂ ಜಾಸ್ತಿ, ಏನೂ ತಿನ್ನದೆ ದಡದಲ್ಲೇ ಬಿದ್ದಿರುತ್ತವೆ. ಅಮ್ಮ ತುಂಬಿಸಿಟ್ಟ ಕೊಬ್ಬಿನ ಮೇಲೆ ಬದುಕು. ಆಮೇಲೆ ಹಸಿವು ಅದನ್ನು ನೀರಿಗೆ ಕಳಿಸುತ್ತದೆ. ಮೀನು ಹಿಡಿಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅರ್ಧದಷ್ಟು ಮರಿಗಳು ಮೊದಲ ವರ್ಷ ದಾಟುವುದಿಲ್ಲ. ಇದು ಕೇಳಲು ಕಷ್ಟ, ನನಗೂ ಕಷ್ಟ. ಆದರೆ ದಡದಲ್ಲಿ ಬಿದ್ದಿರುವ ಆ ದಿನಗಳಲ್ಲಿ ಎಷ್ಟು ಕಡಿಮೆ ಅಲುಗಾಡಿದರೆ ಅದಕ್ಕೆ ಅಷ್ಟು ಒಳ್ಳೆಯದು. ಅಮ್ಮ ಇದ್ದರೂ ಸರಿ, ಹೋಗಿದ್ದರೂ ಸರಿ, ನೀನು ಹತ್ತಿರ ಹೋಗುವುದರಿಂದ ಅದಕ್ಕೆ ನಷ್ಟವೇ.

ದಯವಿಟ್ಟು ಇದನ್ನು ನಮ್ಮ ತಾಯ್ತನಕ್ಕೆ ಹೋಲಿಸಿ ಆ ಸೀಲ್ ತಾಯಿಯನ್ನು ಕಲ್ಲೆದೆಯವಳು ಅನ್ನಬೇಡ. ಸೀಲ್‌ಗಳಲ್ಲೇ ಎಷ್ಟು ಥರ ಇವೆ ನೋಡು. ಉತ್ತರ ಅಟ್ಲಾಂಟಿಕ್‌ನ ತೇಲುವ ಮಂಜುಗಡ್ಡೆಯ ಮೇಲೆ ಹೆರುವ ಹೂಡೆಡ್ ಸೀಲ್ ಬರೀ ನಾಲ್ಕು ದಿನ ಹಾಲು ಕೊಡುತ್ತದೆ. ಕಾಲ ಕೆಳಗಿನ ಮಂಜು ಯಾವಾಗ ಒಡೆಯುತ್ತದೋ ಗೊತ್ತಿಲ್ಲ, ಅಷ್ಟರಲ್ಲಿ ಮರಿಯ ತೂಕ ಎರಡರಷ್ಟಾಗಬೇಕು. ಅಂಟಾರ್ಟಿಕಾದ ವೆಡೆಲ್ ಸೀಲ್‌ಗೆ ಅಂಥ ಅವಸರವಿಲ್ಲ. ದಡಕ್ಕೆ ಕಚ್ಚಿಕೊಂಡ ಗಟ್ಟಿ ಮಂಜಿನ ಮೇಲೆ ಆರೇಳು ವಾರ ಹಾಲೂಡುತ್ತದೆ. ಎರಡು ವಾರ ಆಗುವ ಹೊತ್ತಿಗೆ ಮಂಜಿನ ಕಿಂಡಿಯಲ್ಲಿ ತಾನು ಮೊದಲು ಇಳಿದು, ಮೇಲೆ ನಿಂತ ಮರಿಯನ್ನು ಕೂಗಿ ಕರೆಯುತ್ತದೆ. ಆ ಕಿಂಡಿ ಮುಚ್ಚದ ಹಾಗೆ ಹಲ್ಲಿನಿಂದ ಮಂಜು ಕೆರೆದು ಕೆರೆದು ಅದರ ಹಲ್ಲೇ ಸವೆದುಹೋಗುತ್ತದೆ. ನಿಮ್ಮ ನಾರ್ಫೋಕ್‌ನಲ್ಲೇ ಇರುವ ಕಾಮನ್ ಸೀಲ್ ಮರಿ ಬೇಸಿಗೆಯಲ್ಲಿ ಹುಟ್ಟುತ್ತದೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅಮ್ಮನ ಜೊತೆ ಈಜುತ್ತದೆ. ಅದರ ಬಿಳಿ ತುಪ್ಪಳ ಅಮ್ಮನ ಹೊಟ್ಟೆಯೊಳಗೇ ಉದುರಿರುತ್ತದೆ. ಜೂನ್ ಜುಲೈನಲ್ಲಿ ಅಂಥ ಮರಿ ಒಂಟಿಯಾಗಿ ಕಂಡರೆ ಅಮ್ಮ ಮೀನಿಗೆ ಹೋಗಿರಬಹುದು. ಅದನ್ನೂ ಮುಟ್ಟಬೇಡ. ಅಲೆ, ಮಂಜು, ಮರಳು ಎಷ್ಟು ದಿನ ಕೊಡುತ್ತವೋ ಅಷ್ಟರೊಳಗೆ ಪ್ರತಿ ತಾಯಿಯೂ ತನ್ನ ಕೆಲಸ ಮುಗಿಸುತ್ತದೆ.

ಈ ದೇಶದವರೂ ಒಂದು ಕಾಲದಲ್ಲಿ ಎಣ್ಣೆಗೆ, ಚರ್ಮಕ್ಕೆ ಇವನ್ನು ಕೊಂದವರೇ. 1914ರಲ್ಲಿ ಗ್ರೇ ಸೀಲ್‌ಗಳಿಗೆ ಅಂತಲೇ ಕಾನೂನು ಬಂತು, ಹೆರಿಗೆಯ ತಿಂಗಳುಗಳಲ್ಲಿ ಕೊಲ್ಲುವುದು ನಿಂತಿತು. ಈಗ ಜಗತ್ತಿನ ಗ್ರೇ ಸೀಲ್‌ಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬ್ರಿಟನ್ ಸುತ್ತಮುತ್ತ ಇವೆ. ಡೊನಾ ನೂಕ್ ಒಂದರಲ್ಲೇ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮರಿಗಳು. ಅದು ವಾಯುಪಡೆಯವರು ಬಾಂಬ್ ಹಾಕಿ ಅಭ್ಯಾಸ ಮಾಡುವ ಜಾಗ. ಮೇಲೆ ವಿಮಾನ ಗುಡುಗಿದರೂ ಸೀಲ್‌ಗಳು ಕಣ್ಣು ಮುಚ್ಚಿ ಮಲಗಿರುತ್ತವೆ. ಅದೇ ಮನುಷ್ಯ ಕಾಲ್ನಡಿಗೆಯಲ್ಲಿ ಬಂದರೆ ಎದ್ದು ಕೂರುತ್ತವೆ.

ಹಾಗಂತ ಏನೂ ಮಾಡಬಾರದು ಅಂತಲ್ಲ. 2013ರ ಡಿಸೆಂಬರ್ 5ರ ರಾತ್ರಿ ಈ ಕರಾವಳಿಗೆ ದೊಡ್ಡ ಸಮುದ್ರ ಉಕ್ಕಿ ನುಗ್ಗಿತು. ಹಾರ್ಸಿಯಲ್ಲಿ ಎಷ್ಟೋ ಮರಿಗಳು ತಾಯಿಯಿಂದ ಬೇರೆಯಾದವು. ಅವುಗಳಲ್ಲಿ ಕೆಲವನ್ನು ಈಸ್ಟ್ ವಿಂಚ್‌ನಲ್ಲಿರುವ, ಆರ್‌ಎಸ್‌ಪಿಸಿಎ ಅನ್ನುವ ಪ್ರಾಣಿದಯಾ ಸಂಸ್ಥೆಯ ಕೇಂದ್ರಕ್ಕೆ ಒಯ್ದು ಸಾಕಿ ಮತ್ತೆ ಕಡಲಿಗೆ ಬಿಟ್ಟರು. ಅದನ್ನು ಮಾಡಿದವರು ತಿಳಿದವರು. ಗಾಯ, ಕಣ್ಣಲ್ಲಿ ಕೀವು, ಕತ್ತಿಗೆ ಸಿಕ್ಕಿಕೊಂಡ ಬಲೆ, ಮೂಳೆ ಕಾಣುವಷ್ಟು ಸೊರಗಿದ ಮರಿ, ಇಂಥದ್ದು ಕಂಡರೆ ದೂರದಲ್ಲಿ ನಿಂತು ಆರ್‌ಎಸ್‌ಪಿಸಿಎಗೋ ಬ್ರಿಟಿಷ್ ಡೈವರ್ಸ್ ಮರೀನ್ ಲೈಫ್ ರೆಸ್ಕ್ಯೂಗೋ ಫೋನ್ ಮಾಡು. ಹಾರ್ಸಿಯಲ್ಲಿ ಸ್ವಯಂಸೇವಕರು ಇರುತ್ತಾರೆ, ಅವರಿಗೆ ಹೇಳಿದರೂ ಆಯಿತು. ಅವರು ಕಟ್ಟಿದ ಹಗ್ಗ ದಾಟಬೇಡ. ಸೀಲ್ ತಲೆ ಎತ್ತಿ ನಿನ್ನನ್ನೇ ನೋಡಲು ಶುರು ಮಾಡಿದರೆ ನೀನು ಆಗಲೇ ಹತ್ತಿರ ಬಂದಿದ್ದೀಯ ಅಂತ ತಿಳಿ. ಮೆಲ್ಲಗೆ ಹಿಂದೆ ಸರಿ.

ಶುಕ್ರವಾರ ಸಂಜೆಯ ರೈಲಿಗೆ ಬಂದುಬಿಡು. ಶನಿವಾರ ಬೆಳಿಗ್ಗೆ ಡೊನಾ ನೂಕ್‌ಗೆ ಹೋಗೋಣ. ಬೇಲಿಯ ಈಚೆ ನಿಂತರೆ ಸಾಕು, ಎಲ್ಲಾ ಕಾಣುತ್ತದೆ. ನನ್ನ ಬೈನಾಕ್ಯುಲರ್ ನಿನಗೆ ಕೊಡುತ್ತೇನೆ. ಪುಳಿಯೋಗರೆ ಕಟ್ಟಿಕೊಳ್ಳುತ್ತೇನೆ.

ರೋಹಿತನ ಬೆರಳಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸೀಲ್ ಕಚ್ಚಿದ ಗಾಯಕ್ಕೆ ಬೇರೆಯದೇ ಸೋಂಕು ತಗಲಬಹುದು. ಅದಕ್ಕೆ ಸೀಲ್ ಫಿಂಗರ್ ಅಂತಲೇ ಹೆಸರು. ಕೆಲವು ದಿನ ಬಿಟ್ಟು ಬೆರಳು ಊದಿ ವಿಪರೀತ ನೋಯುತ್ತದೆ, ಬಿಟ್ಟರೆ ಗೆಣ್ಣು ಹಾಳಾಗುತ್ತದೆ. ಪೆನಿಸಿಲಿನ್ ಥರದ ಮಾಮೂಲು ಔಷಧಿಗೆ ಅದು ಬಗ್ಗುವುದಿಲ್ಲ, ಟೆಟ್ರಾಸೈಕ್ಲಿನ್ ಜಾತಿಯದ್ದೇ ಬೇಕು. ಡಾಕ್ಟರಿಗೆ "ಸೀಲ್ ಕಚ್ಚಿತು" ಅಂತ ಬಾಯಿಬಿಟ್ಟು ಹೇಳಲಿ, ನಾಚಿಕೆಪಟ್ಟುಕೊಂಡು ನಾಯಿ ಅಂತ ಹೇಳುವುದು ಬೇಡ. ನಾಳೆಯೇ ತೋರಿಸಿ, ಊತ ಇದೆಯಾ ಅಂತ ರಾತ್ರಿ ನನಗೆ ಮೆಸೇಜ್ ಮಾಡು.

ಇತಿ ನಿನ್ನ
ದೊಡ್ಡಮ್ಮ