ರೊಟ್ಟಿ ಹಿಡಿದ ಕೈಯನ್ನು ತೋರಿಸಿಕೊಟ್ಟವರಿಗೆ

ಕಳೆದ ವಾರ ನಮ್ಮ ಅಂತಿಮ ವರ್ಷದ ಕಲಾಪ್ರದರ್ಶನ ಮುಗಿಯಿತು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ನಾಲ್ಕು ವರ್ಷ ಕಳೆದು, ಒಂದು ಸಿಮೆಂಟ್ ಶಿಲ್ಪ, ಹದಿನೆಂಟು ನೀಲಿ ಛಾಯಾಚಿತ್ರ ಮತ್ತು ಒಂದು ಕಟ್ಟು ಇದ್ದಿಲ ರೇಖಾಚಿತ್ರಗಳನ್ನು ಜನರ ಮುಂದಿಟ್ಟೆ. ಚಿತ್ರಕಲೆಗೆಂದು ಬಂದವನು ಛಾಯಾಚಿತ್ರದ ಕಡೆ ವಾಲಿ, ಕೊನೆಗೆ ಶಿಲ್ಪದ ಮಣ್ಣಿನಲ್ಲಿ ಕೈ ಹಾಕಿದ್ದನ್ನು ಕಂಡು, ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ ಏನಾಗುತ್ತದೆಂದು ಎಚ್ಚರಿಸಿದ ಹಿತೈಷಿಗಳೂ ಇದ್ದರು. ಅವರ ಕಾಳಜಿಗೂ ನಾನು ಋಣಿ. ಆದರೆ ಈ ಬರಹ ಮುಖ್ಯವಾಗಿ, ಹಾಗೆ ಅಲೆದಾಡುವುದಕ್ಕೆ ನನ್ನನ್ನು ಬಿಟ್ಟವರಿಗೆ ಸಲ್ಲಬೇಕಾದದ್ದು.

ಮೊದಲ ನಮಸ್ಕಾರ ನನ್ನ ಗುರುಗಳಿಗೆ. ಮೊದಲ ವರ್ಷದ ಕೊನೆಯಲ್ಲಿ ಅವರು ನಮ್ಮನ್ನು ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಕರೆದೊಯ್ದಿದ್ದರು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿ ಅದು. ಮೂಲವಿಗ್ರಹದ ಬಲಭಾಗ ಹರ, ಎಡಭಾಗ ಹರಿ. ನಾವೆಲ್ಲ ಆ ವಿಗ್ರಹದ ಬಗ್ಗೆ ಪಾಠ ಕೇಳುವ ಸಿದ್ಧತೆಯಲ್ಲಿದ್ದರೆ, ಗುರುಗಳು ಮಂಟಪದ ಕಂಬಗಳ ಮುಂದೆ ಕೂರಿಸಿ, ಕಂಬವನ್ನು ಬರೆಯದೆ ಅದರ ಮೇಲೆ ಬಿದ್ದ ನೆರಳನ್ನು ಮಾತ್ರ ಬರೆಯಬೇಕೆಂದು ಹೇಳಿ ಹೋದರು. ನುಣುಪಾಗಿ ಕಡೆದ ಆ ಕಂಬಗಳ ಬಳೆಬಳೆಯಂಥ ಸುತ್ತುಗಳ ಮೇಲೆ ಬೆಳಕು ಒಂದೊಂದು ಗಳಿಗೆಗೆ ಒಂದೊಂದು ಕಡೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಹಾಳೆಯಲ್ಲಿ ಗೆರೆಯೆಂಬುದು ಒಂದೂ ಇರಲಿಲ್ಲ, ಕಂಬ ಮಾತ್ರ ದುಂಡಗೆ ನಿಂತಿತ್ತು. ಚಿತ್ರ, ಫೋಟೋ, ಶಿಲ್ಪ ಎಂಬ ಮೂರು ಬಾಗಿಲುಗಳು ಒಂದೇ ಪಡಸಾಲೆಗೆ ತೆರೆಯುತ್ತವೆಂಬ ಅನುಮಾನ ನನಗೆ ಶುರುವಾದದ್ದು ಅಲ್ಲಿಯೇ.

ಆ ಅನುಮಾನ ಗಟ್ಟಿಯಾದದ್ದು ಚಿತ್ರದುರ್ಗದ ಕೋಟೆಯಲ್ಲಿ. ತುಪ್ಪದ ಕೊಳದ ಬತೇರಿಗೆ ಹತ್ತಲು ಬಂಡೆಯಲ್ಲಿಯೇ ಕಾಲಿಡುವಷ್ಟು ಕಚ್ಚು ಕೊರೆದಿದ್ದಾರೆ. ನಡುಮಧ್ಯಾಹ್ನ ನಾನು ತೆಗೆದ ಫೋಟೋಗಳಲ್ಲಿ ಅವು ಕಲೆಗಳಂತೆ ಕಂಡವು. ಮರುದಿನ ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಅದೇ ಕಚ್ಚುಗಳ ಆಳ, ಅಂಚು, ಸವೆತ ಎಲ್ಲವೂ ಎದ್ದು ಬಂದವು. ಕಲ್ಲು ಅದೇ, ಕ್ಯಾಮೆರಾ ಅದೇ. ಆ ರಾತ್ರಿ ತಮ್ಮ ಮನೆಯಲ್ಲಿ ಇರಿಸಿಕೊಂಡು, ಬೆಳಿಗ್ಗೆ ಕತ್ತಲಿರುವಾಗಲೇ ಎಬ್ಬಿಸಿ, ಚಹಾ ಕುಡಿಸಿ ಕಳಿಸಿದ ಗೆಳೆಯನ ತಾಯಿಗೆ ಆಗ ಧನ್ಯವಾದ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ, ಈಗ ಹೇಳುತ್ತಿದ್ದೇನೆ.

ಮೂರನೆಯ ವರ್ಷದ ಮಳೆಗಾಲದಲ್ಲಿ ಸ್ಕೂಟರ್ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಸುತ್ತಿ ಅದು ಬಿಗಿಯುತ್ತಾ ಬಂದಾಗ ಒಳಗೆ ಬೆಚ್ಚಗಾಗತೊಡಗಿತು. ಶಿಲ್ಪ ವಿಭಾಗದ ಬೋಗುಣಿಯಲ್ಲಿ ದಿನವೂ ಕಲಸುತ್ತಿದ್ದ ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದೇ ಶಾಖ. ಅಷ್ಟು ನೋವಿನಲ್ಲಿಯೂ ನಗು ಬಂದದ್ದು ನಿಜ. ನಗು ಬಹಳ ದಿನ ಉಳಿಯಲಿಲ್ಲ. ಆರು ವಾರ ಉಳಿ, ಸುತ್ತಿಗೆ, ಇದ್ದಿಲು ಯಾವುದನ್ನೂ ಮುಟ್ಟುವಂತಿರಲಿಲ್ಲ. ಒಂದು ವರ್ಷವೇ ಕೈತಪ್ಪಿ ಹೋಗುವುದೆಂದು ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ.

ಆಗ ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸವೆಂದು ಸಯನೋಟೈಪ್ ಹಚ್ಚಿಕೊಟ್ಟವರು ಒಬ್ಬ ಹಿರಿಯ ವಿದ್ಯಾರ್ಥಿನಿ. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ವಿಧಾನ ಇದು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ, ಮಬ್ಬು ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದು, ಬಕೆಟ್ ನೀರಿನಲ್ಲಿ ತೊಳೆದರೆ ಬಿಸಿಲು ತಾಗಿದ ಕಡೆ ಗಾಢ ನೀಲಿ ಉಳಿಯುತ್ತದೆ. ಕತ್ತಲೆ ಕೋಣೆ ಬೇಡ, ದುಬಾರಿ ಯಂತ್ರ ಬೇಡ. ದಾವಣಗೆರೆಯಲ್ಲಿ ಬಿಸಿಲಿಗಂತೂ ಬರವಿಲ್ಲ. ಅಕ್ಕಾ, ನೀವು ನಿಮ್ಮ ಉಳಿಕೆ ಪುಡಿಗಳನ್ನು ಎರಡು ಉಪ್ಪಿನಕಾಯಿ ಬಾಟಲಿಗಳಲ್ಲಿ ತಂದುಕೊಟ್ಟ ದಿನ ನಾನು ಸರಿಯಾಗಿ ಮಾತನ್ನೂ ಆಡಿರಲಿಲ್ಲ. ಕ್ಷಮೆ ಇರಲಿ. ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್‌ಗಳನ್ನು ಮುದ್ರಿಸಿ, ಕಪ್ಪು ಸಾಲದೆಂದು ನಾನು ತಿರುಗಿ ಕೊಟ್ಟಾಗಲೆಲ್ಲ ಬೇಸರಿಸದೆ ಮತ್ತೆ ಮುದ್ರಿಸಿಕೊಟ್ಟ ಜೆರಾಕ್ಸ್ ಅಂಗಡಿಯ ಅಣ್ಣನಿಗೂ ನಾನು ಕೃತಜ್ಞ. ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಬಾಕಿ ಇದೆ.

ಆ ನೆಗೆಟಿವ್‌ಗಳಿಗಾಗಿ ನಾನು ಮಂಡಕ್ಕಿ ಭಟ್ಟಿಗಳಿಗೆ ಹೋಗತೊಡಗಿದೆ. ಕಾದ ಮರಳು, ಹೊಗೆ, ಅದರ ನಡುವೆ ಸೀಳಿಕೊಂಡು ಬರುವ ಬೆಳಕು, ಕ್ಯಾಮೆರಾ ಹಿಡಿದವನಿಗೆ ಇದಕ್ಕಿಂತ ಸುಲಭದ ತುತ್ತಿಲ್ಲ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಅಲ್ಲಿ ಕೆಲಸ ಮಾಡುವ ಹಿರಿಯ ತಾಯಿಯೊಬ್ಬರು, "ಹೊಗೆ ಎದ್ದಾಗೆಲ್ಲ ಓಡಿ ಬಂದು ಫೋಟೋ ಹೊಡೀತೀಯಲ್ಲ ತಮ್ಮಾ, ನಾವು ಉಣ್ಣೋವಾಗ ಯಾಕೆ ಹೊಡಿಯಲ್ಲ? ಆವಾಗ ನಾವು ಇರಲ್ಲೇನು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೊಗೆಯನ್ನು ನೋಡುತ್ತಿದ್ದೆನೇ ಹೊರತು ಅವರನ್ನಲ್ಲ. ಕಂಬದ ನೆರಳನ್ನು ಬರೆದದ್ದು ಕಂಬಕ್ಕಾಗಿ ಎಂಬುದನ್ನು ನಾನು ಮರೆತಿದ್ದೆ. ಮರುದಿನದಿಂದ ಊಟದ ಹೊತ್ತಿಗೆ ಹೋದೆ. ಪ್ರದರ್ಶನದಲ್ಲಿದ್ದ ಹದಿನೆಂಟು ಚಿತ್ರಗಳಲ್ಲಿ ಹದಿನಾಲ್ಕು ಆ ಅರ್ಧ ಗಂಟೆಯ ಬಿಡುವಿನವು.

ಶಿಲ್ಪ ಹುಟ್ಟಿದ್ದೂ ಅಲ್ಲಿಂದಲೇ. ಟಿಫಿನ್ ಡಬ್ಬಿಯ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸು, ಮುಂದೆ ಚಾಚಿದ ಕೈಯಲ್ಲಿ ರೊಟ್ಟಿ. ಕಬ್ಬಿಣದ ಸರಳಿನ ಆರ್ಮೇಚರ್‌ಗೆ, ಅಂದರೆ ಶಿಲ್ಪದ ಒಳಗಿನ ಹಂದರಕ್ಕೆ, ಮಣ್ಣು ಕಚ್ಚಿಕೊಳ್ಳಲೆಂದು ಮರದ ಚೂರುಗಳನ್ನು ಅಡ್ಡಡ್ಡ ಕಟ್ಟಿ ನೇತುಹಾಕಬೇಕು. ಚಾಚಿದ ತೋಳಿಗೆ ಅದನ್ನು ಕಟ್ಟುವ ಸಹನೆ ನನಗಿರಲಿಲ್ಲ. ಮೂರು ವಾರದ ಕೆಲಸ ಒಂದು ಭಾನುವಾರ ರಾತ್ರಿ ಭುಜದಿಂದ ಕಳಚಿ ನೆಲಕ್ಕೆ ಬಿತ್ತು. ಬೆಳಿಗ್ಗೆ ನೋಡಿದ ಸಹಪಾಠಿಗಳು ಒಂದು ಮಾತೂ ಆಡದೆ ಬಿದ್ದ ಮಣ್ಣನ್ನು ನೀರು ಹಾಕಿ ತುಳಿಯಲು ನಿಂತರು. ಕೆರೆಯ ಮಣ್ಣನ್ನು ಹದ ಮಾಡಿ ಕೊಟ್ಟಿದ್ದ ಕುಂಬಾರ ಅಜ್ಜ ಇನ್ನೆರಡು ಚೀಲ ಕಳಿಸಿ, ಹಣವನ್ನು ಕೆಲಸ ನಿಂತ ಮೇಲೆ ಕೊಡು ಎಂದರು.

ಅಚ್ಚು ತೆಗೆಯುವಾಗ ಪ್ಲಾಸ್ಟರಿನ ಮೊದಲ ತೆಳು ಪದರಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸುತ್ತೇವೆ, ಅದರ ಮೇಲೆ ದಪ್ಪನೆಯ ಬಿಳಿ ಪದರ. ಒಳಗಿನ ಮಣ್ಣು ತೆಗೆದು, ಸಾಬೂನು ಬಳಿದು, ಸಿಮೆಂಟ್ ತುಂಬಿ, ಅದು ಗಟ್ಟಿಯಾದ ಮೇಲೆ ಅಚ್ಚನ್ನು ಉಳಿಯಿಂದ ಒಡೆಯುತ್ತಾ ಹೋಗಬೇಕು. ನೀಲಿ ಕಂಡಿತೆಂದರೆ ಮುಖ ಹತ್ತಿರ ಬಂದಿದೆ, ಏಟು ಹಗುರ ಮಾಡಬೇಕು. ವಾಸಿಯಾದ ಮಣಿಕಟ್ಟು ಇನ್ನೂ ಪೂರ್ತಿ ನಂಬುವಂತಿರಲಿಲ್ಲವಾದ್ದರಿಂದ, ಆ ಎರಡು ದಿನ ನನ್ನ ಅಪ್ಪ ರಜೆ ಹಾಕಿ ಬಂದು ಪಕ್ಕದಲ್ಲಿ ಕುಳಿತು ಬಿಳಿಯ ಪದರವನ್ನೆಲ್ಲ ಒಡೆದುಕೊಟ್ಟರು. ನೀಲಿ ಕಂಡ ತಕ್ಷಣ ಉಳಿಯನ್ನು ನನ್ನ ಕೈಗೆ ದಾಟಿಸುತ್ತಿದ್ದರು. ನಾನು ಕಲಿಯುತ್ತಿರುವುದೇನೆಂದು ಅವರು ನಾಲ್ಕು ವರ್ಷವೂ ಕೇಳಿರಲಿಲ್ಲ. ಆ ಎರಡು ದಿನವೂ ಕೇಳಲಿಲ್ಲ. ಹಣಕ್ಕಾಗಿ ಅವ್ವ ಮುರಿಸಿದ ಚೀಟಿಯ ವಿಷಯವನ್ನು ಇಲ್ಲಿ ಬರೆದರೆ ಅವಳಿಗೆ ಸೇರುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಪ್ರದರ್ಶನದ ಎರಡನೆಯ ದಿನ ಭಟ್ಟಿಯಿಂದ ಆರು ಜನ ಬಂದಿದ್ದರು. ಪ್ರಶ್ನೆ ಕೇಳಿದ್ದ ಆ ತಾಯಿ ಶಿಲ್ಪದ ಸುತ್ತ ಒಮ್ಮೆ ನಿಧಾನವಾಗಿ ನಡೆದು, ಚಾಚಿದ ಕೈಯಲ್ಲಿದ್ದ ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಇಷ್ಟು ದಪ್ಪ ತಟ್ತೀವೇನೋ ನಾವು?" ಎಂದರು. ಅಂದು ಸಂಜೆ ಬಾಗಿಲು ಹಾಕಿದ ಮೇಲೆ ಅರ ತಂದು ರೊಟ್ಟಿಯ ಅಂಚನ್ನು ಉಜ್ಜಿ ತೆಳುವಾಗಿಸಿದೆ. ಅವರಿಗೆ ಇನ್ನೂ ತೋರಿಸಿಲ್ಲ, ಈ ವಾರ ಭಟ್ಟಿಗೆ ಹೋಗಿ ಕರೆದುಕೊಂಡು ಬರಬೇಕು.